ಒಂದು ಆಲ್ಬಂ, ಎರಡು ಜೀವನ: ಷರೀಫಜ್ಜನಿಂದ ರಘು ದೀಕ್ಷಿತ್‌ವರೆಗೆ

(1/8)
ಫ್ರೆಂಡ್ಸ್, ಹೋದ ಸರಣಿ ಹರಿಹರದ ದೇವಸ್ಥಾನದ ಮೇಲಿತ್ತು. ಈ ಸಲ ಕಲ್ಲು ಬಿಟ್ಟು ಹಾಡಿಗೆ ಬರೋಣ. ಕಾಲೇಜ್ ಫೆಸ್ಟ್‌ನಲ್ಲಿ ಯಾವ್ದೇ ಬ್ಯಾಂಡ್ ಸ್ಟೇಜ್ ಹತ್ತಿದ್ರೂ ಒಂದು ಹಾಡು ಗ್ಯಾರಂಟಿ: 'ಗುಡುಗುಡಿಯ ಸೇದಿ ನೋಡೋ'. ಗಿಟಾರ್, ಡ್ರಮ್ಸ್, ಕೆಳಗೆ ನಾವೆಲ್ಲ ಕುಣಿತ. ಮೊನ್ನೆ ನಮ್ಮ ಕ್ಲಾಸಿನವ್ನೊಬ್ಬ "ಇದು ರಘು ದೀಕ್ಷಿತ್ ಬರ್ದಿರೋ ಹಾಡಲ್ವೇನ್ಲೇ" ಅಂದ. ಪಕ್ಕದಲ್ಲಿದ್ದ ರಾಣೆಬೆನ್ನೂರಿನ ಹುಡುಗಿಗೆ ಸಿಟ್ಟೇ ಬಂತು. "ಅದು ನಮ್ಮ ಷರೀಫಜ್ಜಂದು, ಇವ್ರು ಕೆಡಿಸಿ ಇಟ್ಟಾರೆ" ಅಂದ್ಲು. ಅರ್ಧ ಗಂಟೆ ಜಗಳ ಆಯ್ತು, ಇಬ್ರೂ ಸೋಲ್ಲಿಲ್ಲ.

ಈ ಜಗಳವನ್ನ ಇತಿಹಾಸದ ಕಡೆಯಿಂದ ನೋಡಿದ್ರೆ ಹೆಂಗಿರುತ್ತೆ ಅನ್ನೋದೇ ಈ ಸರಣಿ. 2008ರಲ್ಲಿ ಬಂದ ಒಂದು ಆಲ್ಬಂ, ಅದರೊಳಗೆ ಇಬ್ಬರ ಜೀವನ. ಒಬ್ಬರು 1819ರಲ್ಲಿ ಹುಟ್ಟಿದವರು, ಇನ್ನೊಬ್ಬರು 1974ರಲ್ಲಿ. ಇಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟು ಹಾಡಿನ ಹಿಂದೆ ಹೋದವರು.

(2/8)
ಮೊದಲು ಹಿರಿಯರ ಕಥೆ. ದಾವಣಗೆರೆಯಿಂದ ಹಳೇ ಪಿ.ಬಿ. ರೋಡ್ ಹಿಡ್ಕೊಂಡು ಹೊರಟ್ರೆ ಹರಿಹರ, ತುಂಗಭದ್ರೆ ಸೇತುವೆ ದಾಟಿದ್ರೆ ರಾಣೆಬೆನ್ನೂರು, ಹಾವೇರಿ, ಬಂಕಾಪುರ, ಆಮೇಲೆ ಶಿಗ್ಗಾಂವಿ. ನೂರು ಚಿಲ್ಲರೆ ಕಿಲೋಮೀಟರು. ಅದೇ ಶಿಗ್ಗಾಂವಿ ತಾಲ್ಲೂಕಿನ ಒಂದು ಹಳ್ಳಿ ಶಿಶುನಾಳ. ಅಲ್ಲಿ ಇಮಾಂ ಸಾಹೇಬರ ಮಗನಾಗಿ ಹುಟ್ಟಿದವರು ಮಹಮ್ಮದ್ ಷರೀಫ್. ಓದು ಕಲಿತರು, ಕನ್ನಡ ಶಾಲೆ ಮಾಸ್ತರಾದರು. ಆ ಕಾಲದಲ್ಲಿ ಹಳ್ಳಿಯಲ್ಲಿ ಮಾಸ್ತರಿಕೆ ಅಂದ್ರೆ ಏನು ಅಂತ ಯೋಚಿಸಿ. ಬ್ರಿಟಿಷರ ಮುಂಬೈ ಪ್ರಾಂತ್ಯ, ತಿಂಗಳು ತಿಂಗಳು ಸಂಬಳ, ಊರಲ್ಲಿ ಮರ್ಯಾದೆ. ಮಳೆ ಬಂದ್ರೂ ಬರ್ದಿದ್ರೂ ಸಂಬಳ ಬರ್ತಿತ್ತು ಅನ್ನೋದೇ ಒಬ್ಬ ರೈತನ ಮಗನಿಗೆ ದೊಡ್ಡ ಮಾತು.

ಷರೀಫರು ಅದನ್ನ ಬಿಟ್ಟರು. ಕಳಸದ ಗೋವಿಂದ ಭಟ್ಟರನ್ನ ಗುರು ಅಂತ ಒಪ್ಪಿಕೊಂಡರು. ಒಬ್ಬ ಬ್ರಾಹ್ಮಣ ಗುರು, ಒಬ್ಬ ಮುಸ್ಲಿಂ ಶಿಷ್ಯ. ಎರಡೂ ಕಡೆ ಜನ ಸುಮ್ನಿರಲಿಲ್ಲ. ಗುರು ತನ್ನ ಜನಿವಾರ ಶಿಷ್ಯನಿಗೆ ಹಾಕಿದ ಅನ್ನೋ ಕಥೆ ಆ ಸೀಮೆಯಲ್ಲಿ ಇವತ್ತಿಗೂ ಹೇಳ್ತಾರೆ. ಮದುವೆ ಆಯ್ತು, ಹೆಂಡತಿ ಫಾತಿಮಾ. ಆಕೆ ತೀರಿಕೊಂಡಳು. ಮನೆ ಅನ್ನೋದು ಖಾಲಿ ಆಯ್ತು. ಆಮೇಲಿನ ಷರೀಫರು ಊರೂರು ತಿರುಗಿದ, ಕಂಡದ್ದನ್ನೆಲ್ಲ ಹಾಡು ಮಾಡಿದ ಷರೀಫರು. ಕೋಳಿ, ಕೋಡಗ, ಹುಕ್ಕಾ, ತಂಬೂರಿ, ಬೀಸುಕಲ್ಲು, ಸೋರುವ ಮನೆ, ಯಾವ್ದನ್ನೂ ಬಿಡಲಿಲ್ಲ.

1889ರಲ್ಲಿ ತೀರಿಕೊಂಡಾಗ ಎರಡೂ ಧರ್ಮದವರು ತಮ್ಮ ತಮ್ಮ ರೀತಿಯಲ್ಲಿ ಮಣ್ಣು ಮಾಡಿದರು ಅಂತಾರೆ. ಶಿಶುನಾಳದ ಗದ್ದುಗೆಗೆ ಈಗಲೂ ಎರಡೂ ಕಡೆಯವರು ನಡ್ಕೊಳ್ತಾರೆ. ಹರಿಹರದವರಿಗೆ ಇದೇನೂ ಅಷ್ಟು ಹೊಸದಲ್ಲ ಬಿಡಿ. ಅರ್ಧ ವಿಷ್ಣು ಅರ್ಧ ಶಿವ ಇರೋ ಮೂರ್ತಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲೇ ಗುಡಿ ಕಟ್ಟಿಸಿದ ಊರು ನಮ್ಮದು. ಎರಡು ಪಂಗಡ ಒಂದೇ ಕಲ್ಲಲ್ಲಿ ನಿಲ್ಲಬಹುದು ಅನ್ನೋದನ್ನ ದಿನಾ ನೋಡ್ತಾ ಬೆಳೆದವರು ನಾವು.

(3/8)
'ಸೋರುತಿಹುದು ಮನೆಯ ಮಾಳಿಗೆ'. ಈ ಹಾಡನ್ನ ಪೂರ್ತಿ ಹಿಡಿಬೇಕು ಅಂದ್ರೆ ಮಾಳಿಗೆ ಮನೆ ಅಂದ್ರೆ ಏನು ಅಂತ ಗೊತ್ತಿರಬೇಕು. ಆರ್‌ಸಿಸಿ ಮನೇಲಿ ಹುಟ್ಟಿದವ್ರಿಗೋಸ್ಕರ ಸ್ವಲ್ಪ ವಿವರ.

ನಮ್ಮ ಬಯಲುಸೀಮೆ ಹಳ್ಳಿಗಳಲ್ಲಿ ಮೊದ್ಲೆಲ್ಲ ಮನೆ ಮೇಲೆ ಹಂಚು ಇರ್ತಿರಲಿಲ್ಲ. ಗೋಡೆ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು ಹಾಸಿ ಮಣ್ಣು ಮೆತ್ತೋದು. ಚಪ್ಪಟೆ ಮಣ್ಣಿನ ಚಾವಣಿ. ಬೇಸಿಗೇಲಿ ಮಸ್ತ್ ತಂಪು. ಆದ್ರೆ ಇದನ್ನ ಪ್ರತಿ ವರ್ಷ ನೋಡ್ಕೊಬೇಕು. ಮುಂಗಾರು ಶುರು ಆಗೋದಕ್ಕೆ ಮುಂಚೆ ಮೇಲೆ ಹತ್ತಿ ಬಿರುಕು ಹುಡುಕಿ, ಕರ್ಲು ಮಣ್ಣು ಹಾಕಿ ತುಳಿದು ಗಟ್ಟಿ ಮಾಡಬೇಕು. ಒಂದು ವರ್ಷ ಸೋಮಾರಿತನ ಮಾಡಿದ್ರೆ ಮಳೆ ಹಿಡಿದಾಗ ನಡುಮನೇಲಿ ಪಾತ್ರೆ ಇಟ್ಕೊಂಡು ಕೂರಬೇಕು. ತೊಲೆ ನೆನೆದು ಗೆದ್ದಲು ಹಿಡಿದ್ರೆ ಮುಗೀತು, ಇಡೀ ಚಾವಣಿ ಒಂದು ದಿನ ತಲೆ ಮೇಲೆ.

ಷರೀಫರ ಹಾಡಲ್ಲಿ ಮನೆ ಅಂದ್ರೆ ದೇಹ, ಸೋರೋದು ಅಂದ್ರೆ ಅಜ್ಞಾನ, ಅಂತ ಗೈಡ್‌ನಲ್ಲಿ ಒಂದೇ ಸಾಲಲ್ಲಿ ಬರೆದು ಮುಗಿಸ್ತಾರೆ. ಸರಿನೇ. ಆದ್ರೆ ಆ ಹಾಡಿಗೆ ಶಕ್ತಿ ಬಂದಿರೋದು ಈ ತತ್ವದಿಂದ ಮಾತ್ರ ಅಲ್ಲ ಅಂತ ನಂಗನ್ನಿಸುತ್ತೆ. ಕೇಳ್ತಿದ್ದ ಪ್ರತಿಯೊಬ್ಬರ ತಲೆ ಮೇಲೂ ಅದೇ ಮಣ್ಣಿನ ಮಾಳಿಗೆ ಇತ್ತು. ಪ್ರತಿಯೊಬ್ಬರಿಗೂ 'ಈ ವರ್ಷ ಹತ್ತಿ ನೋಡಿಲ್ಲ' ಅನ್ನೋ ಒಂದು ಅಳುಕು ಇತ್ತು. ಮೇಲೆ ಹತ್ತಿ ಸರಿ ಮಾಡೋರು ಮನೇಲಿ ಇಲ್ಲದಾಗ ಏನಾಗುತ್ತೆ ಅನ್ನೋದು ಹೆಂಡತಿ ಸತ್ತ ಮನೆಯ ಗಂಡಸಿಗೆ ಗೊತ್ತಿರೋ ಹಾಗೆ ಬೇರೆಯವರಿಗೆ ಗೊತ್ತಿರೋದು ಕಷ್ಟ. ಇದು ನನ್ನ ಓದು. ಪರೀಕ್ಷೇಲಿ ಬರೀಬೇಡಿ, ಮಾರ್ಕ್ಸ್ ಕೊಡಲ್ಲ.

(4/8)
ಈಗ ಮೈಸೂರಿಗೆ. ರಘು ದೀಕ್ಷಿತ್ ಹುಟ್ಟಿದ್ದು ನಾಸಿಕದಲ್ಲಿ, ಬೆಳೆದದ್ದು ಮೈಸೂರಲ್ಲಿ. ಚಿಕ್ಕಂದಿನಿಂದ ಕಲಿತದ್ದು ಭರತನಾಟ್ಯ. ಓದಿದ್ದು ಮೈಕ್ರೋಬಯಾಲಜಿ, ಸ್ನಾತಕೋತ್ತರದಲ್ಲಿ ಚಿನ್ನದ ಪದಕ. ಗಿಟಾರ್ ಹೆಂಗೆ ಬಂತು ಅಂದ್ರೆ ಅವರೇ ಸಂದರ್ಶನಗಳಲ್ಲಿ ಹೇಳೋ ಕಥೆ ಇದು: ಕಾಲೇಜಲ್ಲಿ ಒಬ್ಬ ಸಹಪಾಠಿ 'ಡ್ಯಾನ್ಸ್ ಮಾಡೋ ಹುಡುಗ' ಅಂತ ಆಡ್ಕೊಂಡನಂತೆ, ಗಿಟಾರ್ ಕಲಿತು ತೋರಿಸ್ತೀನಿ ಅಂತ ಪಂಥ ಕಟ್ಟಿದ್ರಂತೆ. ಪಂಥದಲ್ಲಿ ಗೆದ್ದರು, ಗಿಟಾರ್ ಅವರ ಹತ್ರಾನೇ ಉಳೀತು.

ನಮ್ಮ ಕಡೆ ಗಂಡುಹುಡುಗ ಡ್ಯಾನ್ಸ್ ಕ್ಲಾಸಿಗೆ ಹೋದ್ರೆ ಏನೇನು ಹೆಸರು ಇಡ್ತಾರೆ ಅಂತ ನಿಮಗೆ ಗೊತ್ತಲ್ಲ. ಅವ್ರು ಮಾತ್ರ ಡ್ಯಾನ್ಸ್ ಮುಚ್ಚಿಡಲಿಲ್ಲ. ಇವತ್ತಿಗೂ ಸ್ಟೇಜ್ ಮೇಲೆ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಕಟ್ಕೊಂಡೇ ಹಾಡೋದು. ತಾಳ ಆ ಗೆಜ್ಜೆಯಿಂದಾನೇ ಬರುತ್ತೆ.

ಓದು ಮುಗಿದ ಮೇಲೆ ಔಷಧ ಕಂಪನಿ ಕೆಲಸಕ್ಕೆ ಬೆಲ್ಜಿಯಂಗೆ ಹೋದರು. ಅಲ್ಲಿ ಒಂದು ಸ್ಥಳೀಯ ರೇಡಿಯೋದಲ್ಲಿ ಅವರ ಹಾಡು ಬಂತು, ಕೇಳಿದವರು ಮೆಚ್ಚಿದರು. ಆಮೇಲೆ ಕೆಲಸ ಬಿಟ್ಟು ವಾಪಸ್ ಬಂದ್ಬಿಟ್ರು.

ರೀಲ್ಸ್‌ನಲ್ಲಿ ಈ ಕಥೆ ಇಲ್ಲಿಗೇ ನಿಲ್ಲುತ್ತೆ. ಹಿಂದೆ ಮ್ಯೂಸಿಕ್ಕು, ಮೇಲೆ 'ಕೆಲಸ ಬಿಟ್ಟ, ಕನಸು ಹಿಡಿದ' ಅಂತ ದಪ್ಪಕ್ಷರ. ನಂಗೆ ಆ ರೀಲ್ ಕಂಡ್ರೆ ಆಗಲ್ಲ. ನಡುವೆ ಇರೋ ಹತ್ತು ವರ್ಷವನ್ನ ಕತ್ತರಿಸಿ ಬಿಸಾಕಿರ್ತಾರೆ.

(5/8)
ಆ ಹತ್ತು ವರ್ಷ ಹಿಂಗಿತ್ತು. 1998ರಲ್ಲಿ 'ಅಂತರಾಗ್ನಿ' ಅಂತ ಬ್ಯಾಂಡ್ ಶುರುವಾಯ್ತು, ಪಿಟೀಲು ಎಚ್.ಎನ್. ಭಾಸ್ಕರ್. ಬೆಂಗಳೂರಲ್ಲಿ ಹೆಸರಾಯ್ತು. ಕೆಲವು ವರ್ಷ ಆದ್ಮೇಲೆ ಬ್ಯಾಂಡ್ ಒಡೀತು. ರಘು ಒಬ್ಬರೇ ಉಳಿದ್ರು. ಖಾಯಂ ಬ್ಯಾಂಡ್ ಬೇಡ, ಯಾರು ಬರ್ತಾರೋ ಅವರ ಜೊತೆ ಹಾಡೋಣ ಅಂತ 'ರಘು ದೀಕ್ಷಿತ್ ಪ್ರಾಜೆಕ್ಟ್' ಮಾಡಿದರು. ಮುಂಬೈಗೆ ಹೋಗಿ ಆಡಿಯೋ ಕಂಪನಿಗಳ ಬಾಗಿಲು ತಟ್ಟಿದರು. ಒಂದೇ ಆಲ್ಬಂನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಇದ್ರೆ ಮಾರೋದು ಹೆಂಗೆ? ಸಿನಿಮಾ ಹಾಡಲ್ಲ, ಪಾಪ್ ಅಲ್ಲ, ಭಾವಗೀತೆನೂ ಅಲ್ಲ, ಅಂಗಡೀಲಿ ಯಾವ ಕಪಾಟಿಗೆ ಇಡೋದು? ಯಾರಿಗೂ ಬೇಡವಾಯ್ತು.

ಆಲ್ಬಂನಲ್ಲಿ ಒಂದು ಇಂಗ್ಲಿಷ್ ಹಾಡಿದೆ, ಮುಂಬೈನಲ್ಲಿ ಪವಾಡಕ್ಕೋಸ್ಕರ ಕಾಯ್ತಾ ಕೂತಿರೋ ಒಬ್ಬನ ಬಗ್ಗೆ. ಅದನ್ನ ಈ ಹಿನ್ನೆಲೆ ಇಟ್ಕೊಂಡು ಮತ್ತೆ ಕೇಳಿ. 'ಮೈಸೂರ್ ಸೇ ಆಯಿ' ಅನ್ನೋ ಹಿಂದಿ ಹಾಡು ಮೇಲ್ನೋಟಕ್ಕೆ ಹುಡುಗಿ ಮೇಲಿಂದು. ಆದ್ರೆ ಮುಂಬೈನಲ್ಲಿ ನಿಂತು ಮೈಸೂರಿನ ಹೆಸರು ಹೇಳೋದ್ರಲ್ಲಿ ಊರಿನ ನೆನಪೂ ಇದೆ. ಬೆಂಗಳೂರು ಪಿಜಿಯಲ್ಲಿ ಕೂತು 'ದಾವಣಗೆರೆ ಬೆಣ್ಣೆ ದೋಸೆ' ಅಂತ ಬೋರ್ಡ್ ಕಂಡ್ರೆ ನಮ್ಮ ಸೀನಿಯರ್ಸ್‌ಗೆ ಏನಾಗುತ್ತೋ ಹಂಗೆ.

ಪವಾಡ ಅನ್ನೋದು ಕೊನೆಗೂ ಬಂತು. ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಮುಂಬೈನಲ್ಲಿ ಅವರ ಹಾಡು ಕೇಳಿ, ತಮ್ಮದೇ ಹೊಸ ಸಂಸ್ಥೆಯಿಂದ ಆಲ್ಬಂ ತಂದರು. 2008. ರಘುಗೆ ಆಗ 33 ವರ್ಷ. ಇಪ್ಪತ್ತೆರಡಕ್ಕೇ 'ನಮ್ ಲೈಫ್ ಮುಗೀತು ಗುರು' ಅಂತ ಸ್ಟೇಟಸ್ ಹಾಕೋರು ಈ ಸಂಖ್ಯೆ ಬರ್ಕೊಳ್ಳಿ.

ಅದೇ ವರ್ಷ ಕನ್ನಡ ಸಿನಿಮಾ 'ಸೈಕೋ' ಬಂತು, ಅವರ ಮಹದೇಶ್ವರನ ಹಾಡು ಮನೆಮನೆ ಮುಟ್ಟಿತು. ನಮ್ಮಲ್ಲಿ ಬಹಳ ಜನರಿಗೆ ಅವರ ಧ್ವನಿ ಮೊದಲು ಕೇಳಿದ್ದು ಅಲ್ಲೇ, ಆಲ್ಬಂ ಆಮೇಲೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಲುಂಗಿ ಉಟ್ಕೊಂಡೇ ಹೋಗಿದ್ರು.

(6/8)
ಈಗ ಮೊದಲಿನ ಜಗಳಕ್ಕೆ ಬರೋಣ. ಆಲ್ಬಂನಲ್ಲಿ ಷರೀಫರ ಹಾಡು ಎರಡು: 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗೆ'. 'ಕೆಡಿಸಿ ಇಟ್ಟಾರೆ' ಅಂತ ಹೇಳ್ಬೇಕಾದ್ರೆ ಕೆಡದೇ ಇರೋ ಮೂಲ ಒಂದು ಇರಬೇಕಲ್ಲ? ಅದು ಎಲ್ಲಿದೆ?

ಷರೀಫರು ತೀರಿಕೊಂಡಿದ್ದು 1889. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಶುರುವಾಗಿದ್ದು 1902ರಲ್ಲಿ, ಕಲ್ಕತ್ತಾದಲ್ಲಿ. ಅಂದ್ರೆ ಷರೀಫರ ಧ್ವನಿ ಯಾವ ಯಂತ್ರಕ್ಕೂ ಸಿಗಲಿಲ್ಲ. ಹಾಡುಗಳು ಉಳಿದದ್ದು ಬಾಯಿಂದ ಬಾಯಿಗೆ, ಭಜನೆ ಮೇಳಗಳಲ್ಲಿ, ಏಕತಾರಿ ಹಿಡಿದು ತಿರುಗೋ ತತ್ವಪದದವರಲ್ಲಿ. ಒಂದು ಊರಿನ ಧಾಟಿ ಇನ್ನೊಂದು ಊರಲ್ಲಿಲ್ಲ. ಒಬ್ಬರು ಒಂದು ನುಡಿ ಬಿಡ್ತಾರೆ, ಇನ್ನೊಬ್ಬರು ಒಂದು ಸೇರಿಸ್ತಾರೆ.

ನಾವು 'ಒರಿಜಿನಲ್' ಅಂತ ಅಂದ್ಕೊಂಡಿರೋ ಧಾಟಿ ಬಹಳಷ್ಟು ಸಲ ಸಿ. ಅಶ್ವಥ್ ಅವರದ್ದು. 1978ರ 'ನಿತ್ಯೋತ್ಸವ'ದಿಂದ ಕನ್ನಡದಲ್ಲಿ ಭಾವಗೀತೆ ಕ್ಯಾಸೆಟ್‌ಗಳ ಕಾಲ ಶುರುವಾಯ್ತು. ಅದರ ಹಿಂದೆಯೇ ಅಶ್ವಥ್ ಷರೀಫರ ಹಾಡುಗಳಿಗೆ ರಾಗ ಹಾಕಿದರು. 'ಕೋಡಗನ ಕೋಳಿ ನುಂಗಿತ್ತಾ' ಅಂದ ತಕ್ಷಣ ನಮ್ಮ ಮನೆ ಹಿರಿಯರ ಕಿವೀಲಿ ಬರೋದು ಶಿವಮೊಗ್ಗ ಸುಬ್ಬಣ್ಣ ಅವರ ಕಂಠ. 1990ರಲ್ಲಿ ನಾಗಾಭರಣ ಅವರ 'ಸಂತ ಶಿಶುನಾಳ ಷರೀಫ' ಸಿನಿಮಾ ಬಂತು, ಷರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಅಶ್ವಥ್. ರಾಷ್ಟ್ರೀಯ ಭಾವೈಕ್ಯತೆಯ ಪ್ರಶಸ್ತಿ ಬಂತು. ಅಲ್ಲಿಂದ ಆ ಧಾಟಿಗಳು ಕಲ್ಲಲ್ಲಿ ಕೆತ್ತಿದ ಹಾಗೆ ಆಗಿಬಿಟ್ಟವು.

ಆದ್ರೆ ಅಶ್ವಥ್ ಹಾಡಲ್ಲಿ ಹಾರ್ಮೋನಿಯಂ, ತಬಲ ಜೊತೆಗೆ ಪಿಟೀಲುಗಳ ಸಾಲು ಇದೆ, ಸ್ಟುಡಿಯೋ ಇದೆ. ಷರೀಫರ ಹತ್ರ ಅದ್ಯಾವ್ದೂ ಇರಲಿಲ್ಲ. ಅಶ್ವಥ್ ಕೂಡ ಹಗಲು ಐಟಿಐ ಕಾರ್ಖಾನೆ ಕೆಲಸ, ಸಂಜೆ ಸಂಗೀತ ಅಂತ ವರ್ಷಗಟ್ಟಲೆ ಬದುಕಿದವರು. 'ಕೆಲಸ ಬಿಟ್ರೆ ಮಾತ್ರ ಕಲೆ' ಅನ್ನೋರಿಗೆ ಅವರೇ ಉತ್ತರ. ಅವರು ಅವರ ಕಾಲದ ವಾದ್ಯ ತಂದರು, ರಘು ಅವರ ಕಾಲದ್ದು ತಂದರು.

ಹಂಗಂತ ರಾಣೆಬೆನ್ನೂರಿನವಳ ಮಾತು ಪೂರ್ತಿ ತಳ್ಳಿ ಹಾಕೋಕೂ ನಂಗೆ ಇಷ್ಟ ಇಲ್ಲ. 'ಗುಡುಗುಡಿ'ಯನ್ನ ನಾವು ಫೆಸ್ಟ್‌ನಲ್ಲಿ ಹೆಂಗೆ ಹಾಡ್ತೀವಿ? ಹುಕ್ಕಾ ಬಾರ್‌ನ ಜಾಹೀರಾತಿನ ಹಂಗೆ. ಷರೀಫರು ಹೇಳಿದ ಗುಡುಗುಡಿ ಈ ದೇಹ, ಸುಡಬೇಕಾದ್ದು ಒಳಗಿನ ಕೆಟ್ಟದ್ದು. ಅದು ಹೋದ್ರೆ ಹಾಡಲ್ಲಿ ಬರೀ ಹೊಗೆ ಉಳಿಯುತ್ತೆ. ತಪ್ಪು ಗಿಟಾರಿಂದಲ್ಲ, ಪದ ಕೇಳಿಸ್ಕೊಳ್ಳದೆ ಕುಣಿಯೋ ನಮ್ಮದು. ಆಲ್ಬಂನ 'ಸೋರುತಿಹುದು' ಕೇಳಿ ನೋಡಿ, ರಾತ್ರಿ, ಇಯರ್‌ಫೋನ್ ಹಾಕ್ಕೊಂಡು. ಅಲ್ಲಿ ಕುಣಿಯೋ ಆಸೆ ಬರಲ್ಲ.

(7/8)
ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದಲ್ಲಿ 'ಆಲ್ಟರ್ನೇಟಿವ್ ಕಂಟ್ರಿ' ಅಂತ ಒಂದು ಪ್ರಕಾರ ಇದೆ. ಕಂಟ್ರಿ ಅಂದ್ರೆ ಅಲ್ಲಿನ ಹಳ್ಳಿಗಾಡಿನ ಹಾಡು. 1990ರಲ್ಲಿ ಅಂಕಲ್ ಟ್ಯುಪೆಲೋ ಅನ್ನೋ ಬ್ಯಾಂಡಿನ ಹುಡುಗರು ಕಾರ್ಟರ್ ಫ್ಯಾಮಿಲಿ 1936ರಲ್ಲಿ ಹಾಡಿದ್ದ ಒಂದು ಭಕ್ತಿಗೀತೆ ತಗೊಂಡು, ತಾವೂ ಹಾಡಿ, ಆಲ್ಬಂಗೂ ಅದೇ ಹೆಸರಿಟ್ಟರು: 'ನೋ ಡಿಪ್ರೆಷನ್'. ಆರ್ಥಿಕ ಕುಸಿತದ ಕಾಲದ ಹಾಡು ಅದು. ಈ ಲೋಕದಲ್ಲಿ ಬಡತನ, ಪರಲೋಕದಲ್ಲಿ ಮಾತ್ರ ಅದಿಲ್ಲ ಅನ್ನೋ ಭಾವ. ಮುಂದೆ ಒಂದು ಪತ್ರಿಕೆಯೂ ಅದೇ ಹೆಸರಲ್ಲಿ ಬಂತು. ಆ ಬ್ಯಾಂಡೂ 1994ರಲ್ಲಿ ಒಡೆದು ಎರಡಾಯ್ತು, ವಿಲ್ಕೋ ಮತ್ತು ಸನ್ ವೋಲ್ಟ್.

ಆ ಹುಡುಗರ ಊರು ಇಲಿನಾಯ್ ರಾಜ್ಯದ ಬೆಲ್‌ವಿಲ್. ದೊಡ್ಡ ನಗರ ಅಲ್ಲ, ಹಳ್ಳಿಯೂ ಅಲ್ಲ. ಕಾರ್ಖಾನೆ ನಂಬ್ಕೊಂಡು ಬೆಳೆದ ಊರು, ಕಾರ್ಖಾನೆಗಳ ಕಾಲ ಇಳಿದ ಮೇಲೆ ಹುಡುಗರಿಗೆ 'ಮುಂದೇನು' ಅನ್ನೋ ಪ್ರಶ್ನೆ.

ಇದನ್ನ ಓದ್ದಾಗ ನಂಗೆ ನೆನಪಾಗಿದ್ದು ನಮ್ಮೂರೇ. ದಾವಣಗೆರೆಯನ್ನ 'ಕರ್ನಾಟಕದ ಮ್ಯಾಂಚೆಸ್ಟರ್' ಅಂತಿದ್ರು, ಹತ್ತಿ ಗಿರಣಿಗಳ ಊರು. ಸೈರನ್ ಕೂಗಿದ್ರೆ ಪಾಳಿ ಬದಲಾಗ್ತಿತ್ತು. ಆ ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ತುಂಬ ಹೋದವು. ಈ ಶತಮಾನ ಶುರುವಾಗೋ ಹೊತ್ತಿಗೆ ಅದೂ ಬಾಗಿಲು ಹಾಕ್ತು. ಮನೆಮನೇಲೂ 'ಆಗ ಹಂಗಿತ್ತು' ಅನ್ನೋ ಮಾತು ಉಳೀತು. ಈಗ ನಮ್ಮದು ಕಾಲೇಜುಗಳ ಊರು. ಜೆಜೆಎಂ ಮೆಡಿಕಲ್ ಕಾಲೇಜು 1965, ಬಿಐಇಟಿ 1979. ಗಿರಣಿಗೆ ಜನ ಹೊರಗಿಂದ ಇಲ್ಲಿಗೆ ಬರ್ತಿದ್ರು. ಕಾಲೇಜು ಮುಗಿಸಿದವರು ಇಲ್ಲಿಂದ ಹೊರಗೆ ಹೋಗ್ತಾರೆ.

ಇಷ್ಟು ದೊಡ್ಡ ಬದಲಾವಣೆ ಆದ ಊರಲ್ಲಿ ಅದರ ಮೇಲೆ ಒಂದು ಹಾಡು ನಂಗೆ ಸಿಕ್ಕಿಲ್ಲ. ಹಾಡೋ ಊರಲ್ಲ ಅಂತಲ್ಲ. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಇಲ್ಲಿಯದ್ದೇ. 'ಪೊಲೀಸನ ಮಗಳು' ನಾಟಕಕ್ಕೆ ಜನ ಮುಗಿಬಿದ್ದು ಬರ್ತಿದ್ದ ಕಾಲ ಇತ್ತು. ರಂಗಗೀತೆ ಬಾಯಿಪಾಠ ಇರೋ ಅಜ್ಜಿಯರು ಈಗಲೂ ಮಂಡಕ್ಕಿ ಭಟ್ಟಿ ಕಡೆ ಸಿಗ್ತಾರೆ. ಆದ್ರೆ ಸೈರನ್ ನಿಂತ ಮೊದಲ ದಿನ ಬೆಳಗ್ಗೆ ಮನೇಲಿ ಹೆಂಗಿತ್ತು ಅಂತ ಯಾರಾದ್ರೂ ಹಾಡಿದ್ರೆ, ಅದು ನಮ್ಮ ಸೋರೋ ಮಾಳಿಗೆ ಆಗ್ತಿತ್ತು.

(8/8)
ಕೊನೇ ಪೋಸ್ಟ್, ಚಿಕ್ಕದು. ಮೊನ್ನೆ ಕಾಮೆಂಟ್‌ನಲ್ಲಿ ಒಬ್ರು ಕೇಳಿದ್ರು: "ಅಣ್ಣಾ, ರಘು ತಾವೇ ಬರೆದ ಹಾಡುಗಳನ್ನಷ್ಟೇ ಇಟ್ಟು ಆಲ್ಬಂ ಮಾಡಬಹುದಿತ್ತಲ್ಲ, 19ನೇ ಶತಮಾನದ ಹಾಡು ಯಾಕೆ?" ಒಳ್ಳೇ ಪ್ರಶ್ನೆ. ಒಂದು ಕಾರಣ ಸುಲಭದ್ದು, ಆ ಹಾಡುಗಳು ಚೆನ್ನಾಗಿವೆ. ಇನ್ನೊಂದು ನಾನು ಊಹೆ ಮಾಡಿದ್ದು. ಬ್ಯಾಂಡ್ ಒಡೆದಿದೆ, ಕಂಪನಿಗಳು ಬೇಡ ಅಂದಿವೆ, ವಯಸ್ಸು ಮೂವತ್ತು ದಾಟಿದೆ. ಅಂಥ ಹೊತ್ತಲ್ಲಿ ತನ್ನ ಕಷ್ಟಾನ ತನ್ನ ಮಾತಲ್ಲೇ ಹೇಳೋಕೆ ಹೋದ್ರೆ ಗೋಳು ಅನ್ಸುತ್ತೆ. ಮಾಸ್ತರಿಕೆ ಬಿಟ್ಟವನೊಬ್ಬ ಮೊದಲೇ ಹೇಳಿಟ್ಟಿರೋದು ಸಿಕ್ಕಿದ್ರೆ ಅದನ್ನ ಹಾಡೋದು ಹಗುರ. 2013ರ 'ಜಗ್ ಚಂಗಾ' ಆಲ್ಬಂನಲ್ಲೂ ಅವರು ಮತ್ತೆ ಷರೀಫರ ಹತ್ರಾನೇ ಹೋದರು, 'ಲೋಕದ ಕಾಳಜಿ', 'ಕೋಡಗನ ಕೋಳಿ ನುಂಗಿತ್ತಾ'. ಆಗ ಹೆಸರು, ಪ್ರಶಸ್ತಿ ಎಲ್ಲ ಬಂದಿತ್ತು. ಆದ್ರೂ ಹೋದರು.

ಕೇಳೋ ಕ್ರಮ, ಬೇಕಾದವರಿಗೆ: ಮೊದಲು ಯಾವುದಾದ್ರೂ ಭಜನೆ ಮೇಳದವರು ಹಾಡಿದ 'ಸೋರುತಿಹುದು', ಆಮೇಲೆ ಅಶ್ವಥ್, ಆಮೇಲೆ 2008ರದ್ದು. ಮೂರೂ ಒಂದೇ ಕೂತಲ್ಲಿ ಕೇಳಿ, ಇಪ್ಪತ್ತು ನಿಮಿಷದ ಕೆಲಸ.

ಮತ್ತೆ ಒಂದು ವಿನಂತಿ. ನಿಮ್ಮನೆ ಅಟ್ಟದ ಮೇಲೆ ಷರೀಫರ ಹಾಡಿನ ಹಳೇ ಕ್ಯಾಸೆಟ್ ಇದ್ರೆ ಕವರ್ ಫೋಟೋ ತೆಗೆದು ಮೆಸೇಜ್ ಮಾಡ್ರಿ. ಗಿರಣೀಲಿ, ಕಾರ್ಖಾನೇಲಿ ದುಡಿದ ಅಜ್ಜ-ಅಜ್ಜಿ ಮನೇಲಿದ್ರೆ, ಪಾಳಿ ಹೊತ್ತಲ್ಲಿ ಯಾವ ಹಾಡು ಗುನುಗ್ತಿದ್ರು ಅಂತ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ರಾಣೆಬೆನ್ನೂರಿನವಳು ಅವರಜ್ಜಂದು ಆಗ್ಲೇ ಎರಡು ಹಾಡು ಕಳ್ಸಿದ್ದಾಳೆ. ಅದರಲ್ಲೊಂದರ ಧಾಟಿ ಅಶ್ವಥ್ ಅವರದ್ದೂ ಅಲ್ಲ, ರಘು ಅವರದ್ದೂ ಅಲ್ಲ. ಮುಂದಿನ ವಾರ ಅದರ ಮೇಲೆ ಬರೀತೀನಿ.